ಬಾಳೆಗೊನೆಯ ಹಡಗಿನಿಂದ ತೇಲುವ ನಗರಕ್ಕೆ

ಜಮೈಕಾ ದ್ವೀಪದ ಉತ್ತರ ತೀರದಲ್ಲಿ ಫಾಲ್ಮತ್ ಎಂಬ ಸಣ್ಣ ಊರಿದೆ. ಓಟಗಾರ ಉಸೇನ್ ಬೋಲ್ಟ್ ಹುಟ್ಟಿದ ಟ್ರಿಲಾನಿ ಪ್ರಾಂತದ ಮುಖ್ಯ ಪಟ್ಟಣ ಅದು. ಎರಡು ಮಹಡಿಗಿಂತ ಎತ್ತರದ ಕಟ್ಟಡ ಅಲ್ಲಿ ಅಪರೂಪ. ವಿಹಾರನೌಕೆ ಬರುವ ದಿನ ಮಾತ್ರ ಬೆಳಗಾಗುವುದರೊಳಗೆ ಬೀದಿಯ ತುದಿಯಲ್ಲಿ ಹತ್ತು ಹದಿನಾರು ಅಂತಸ್ತಿನ ಬಿಳಿಗೋಡೆಯೊಂದು ಎದ್ದು ನಿಂತಿರುತ್ತದೆ. ಊರಿನಲ್ಲಿ ಇರುವವರು ಎಂಟೊಂಬತ್ತು ಸಾವಿರ ಮಂದಿ. ಆ ಒಂದು ಗೋಡೆಯೊಳಗೆ ಐದಾರು ಸಾವಿರ ಮಂದಿ. ಅವರೆಲ್ಲ ಇಳಿಯುತ್ತಾರೆ, ಸುತ್ತುತ್ತಾರೆ, ಸಂಜೆಗೆ ಹತ್ತುತ್ತಾರೆ. ಕತ್ತಲಾಗುವ ಹೊತ್ತಿಗೆ ಗೋಡೆ ಮಾಯವಾಗಿರುತ್ತದೆ.

ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ವಿಹಾರಕ್ಕೆ ಹೊರಟವರಿಗೆ ಹೋಗಿಬಂದವರು ಹೇಳುವ ಕಿವಿಮಾತುಗಳು ಹಲವು. ಹೊಟ್ಟೆ ತೊಳಸುವ ಸ್ವಭಾವದವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನ ಕೋಣೆಯನ್ನೇ ಹಿಡಿಯಿರಿ, ಅಲ್ಲಿ ತೂಗಾಟ ಕಡಿಮೆ. ಜೂನ್‌ನಿಂದ ನವೆಂಬರ್‌ವರೆಗೆ ಬಿರುಗಾಳಿಯ ಕಾಲ, ಟಿಕೆಟ್ ಅಗ್ಗವಾಗಿದ್ದರೂ ಎಚ್ಚರವಿರಲಿ. ಭಕ್ಷೀಸಿಗೆಂದು ದಿನಕ್ಕಿಷ್ಟು ಹಣ ಬೇರೆ ಎತ್ತಿಡಿ. ಮೊದಲ ದಿನದ ಸುರಕ್ಷತಾ ಕವಾಯತು ತಪ್ಪಿಸಬೇಡಿ. ಕೈಗಡಿಯಾರ ಹಡಗಿನ ವೇಳೆಯನ್ನೇ ತೋರಿಸುತ್ತಿರಲಿ, ಏಕೆಂದರೆ ಹಡಗು ಯಾರಿಗೂ ಕಾಯುವುದಿಲ್ಲ. ಭಾರತೀಯರಾದರೆ ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅವಕಾಶ ಕೊಡುವಂಥದೇ ಎಂದು ನೋಡಿಕೊಳ್ಳಿ. ಮಯಾಮಿಯಿಂದ ಹೊರಟ ಹಡಗು ಮಯಾಮಿಗೇ ಮರಳಿದರೂ ನೀವು ದೇಶ ಬಿಟ್ಟು ಹೋಗಿ ಬಂದವರೇ.

ಕೇಳುವುದಕ್ಕೆ ಇವೆಲ್ಲ ಪ್ರವಾಸದ ಸಾಮಾನ್ಯ ಜಾಣತನದ ಮಾತುಗಳು. ಆದರೆ ಒಂದೊಂದನ್ನೂ ಕೆದಕುತ್ತ ಹೋದರೆ ಅದರಡಿಯಲ್ಲಿ ಒಂದೊಂದು ಕಾನೂನು, ಒಂದೊಂದು ದುರಂತ, ಒಂದೊಂದು ವ್ಯಾಪಾರದ ಲೆಕ್ಕಾಚಾರ ಸಿಗುತ್ತದೆ. ವಿಹಾರಯಾನದ ಇತಿಹಾಸವೆಂದರೆ ಆ ದ್ವೀಪಗಳ ಇತಿಹಾಸದ ಕೊನೆಯ ಅಧ್ಯಾಯವೇ.

ಸಕ್ಕರೆಯ ಸಮುದ್ರ

ನಮಗೆ ಈ ದ್ವೀಪಗಳ ಪರಿಚಯವಾದದ್ದು ಕ್ರಿಕೆಟ್‌ನಿಂದ. ಕಿಂಗ್‌ಸ್ಟನ್, ಬ್ರಿಜ್‌ಟೌನ್, ಪೋರ್ಟ್ ಆಫ್ ಸ್ಪೇನ್ ಎಂಬ ಹೆಸರುಗಳು ರೇಡಿಯೋ ಕಾಲದಿಂದಲೂ ನಮ್ಮ ಮನೆಮಾತು. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಾಲ್ಕನೆಯ ಇನಿಂಗ್ಸ್‌ನಲ್ಲಿ 400ಕ್ಕೂ ಹೆಚ್ಚು ರನ್ ಬೆನ್ನಟ್ಟಿ ಗೆದ್ದಾಗ ನಮ್ಮ ಜಿ.ಆರ್. ವಿಶ್ವನಾಥ್ ಶತಕ ಬಾರಿಸಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಆದರೆ 'ವೆಸ್ಟ್ ಇಂಡೀಸ್' ಎಂಬ ಹೆಸರೇ ಒಂದು ತಪ್ಪಿನ ಫಲ. 1492ರಲ್ಲಿ ಬಹಾಮಾ ದ್ವೀಪಗಳಲ್ಲಿ ಕಾಲಿಟ್ಟ ಕೊಲಂಬಸ್ ತಾನು ಏಷ್ಯಾದ ಅಂಚನ್ನು, 'ಇಂಡೀಸ್' ಅನ್ನು ಮುಟ್ಟಿದೆನೆಂದೇ ನಂಬಿದ್ದ.

ಆಮೇಲಿನ ಮುನ್ನೂರು ವರ್ಷ ಈ ಸಮುದ್ರದಲ್ಲಿ ಹಡಗುಗಳು ಹೊತ್ತು ತಂದದ್ದು ಆಫ್ರಿಕದ ಗುಲಾಮರನ್ನು, ಹೊತ್ತು ಒಯ್ದದ್ದು ಸಕ್ಕರೆ ಮತ್ತು ರಮ್ಮನ್ನು. 1769ರಲ್ಲಿ ಹುಟ್ಟಿದ ಫಾಲ್ಮತ್ ಅಂಥದೇ ಬಂದರು. ಸುತ್ತಲಿನ ಸುಮಾರು ನೂರು ಕಬ್ಬಿನ ತೋಟಗಳ ಸಕ್ಕರೆ ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ದುಡಿದವರಿಗೆ ಚಾಟಿ, ಲಾಭ ಲಂಡನ್ನಿಗೆ. ಸರಕು ತುಂಬಿಕೊಳ್ಳಲು ದ್ವೀಪ, ದುಡ್ಡು ಎಣಿಸಲು ಬೇರೆ ಊರು ಎಂಬ ಈ ಏರ್ಪಾಟನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಸರಕು ಬದಲಾಯಿತು, ಏರ್ಪಾಟು ಅಷ್ಟಾಗಿ ಬದಲಾಗಲಿಲ್ಲ.

ಬಾಳೆಹಣ್ಣಿನ ಜೊತೆ ಪ್ರವಾಸಿ

ಸಕ್ಕರೆಯ ಕಾಲ ಇಳಿದ ಮೇಲೆ ಬಂದದ್ದು ಬಾಳೆಹಣ್ಣಿನ ಕಾಲ. 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ಹಡಗಿನ ಕಪ್ತಾನ ಜಮೈಕಾದಿಂದ ಬಾಳೆಗೊನೆಗಳನ್ನು ಒಯ್ದು ಲಾಭಕ್ಕೆ ಮಾರಿದ. ಅಲ್ಲಿಂದ ಬೆಳೆದ ವ್ಯಾಪಾರ 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪೆನಿ ಎಂಬ ದೈತ್ಯ ಸಂಸ್ಥೆಯಾಯಿತು. ಬಿಸಿಲಿಗೆ ಹಣ್ಣು ಬೇಗ ಮಾಗದಿರಲೆಂದು ಕಂಪೆನಿ ತನ್ನ ಹಡಗುಗಳಿಗೆ ಬಿಳಿ ಬಣ್ಣ ಬಳಿಸಿತು. ಉತ್ತರದಿಂದ ದ್ವೀಪಗಳಿಗೆ ಬರುವಾಗ ಹಡಗು ಖಾಲಿ ಬರುವ ಬದಲು ಮನುಷ್ಯರನ್ನೇ ಹತ್ತಿಸಿಕೊಂಡರಾಗದೇ ಎಂಬ ಯೋಚನೆ ವ್ಯಾಪಾರಿಗೆ ಹೊಳೆಯುವುದು ಸಹಜವೇ. ನ್ಯೂಯಾರ್ಕ್, ಬಾಸ್ಟನ್‌ಗಳ ಚಳಿಯಿಂದ ತಪ್ಪಿಸಿಕೊಳ್ಳಬಯಸಿದ ಸಿರಿವಂತರು ಬಾಳೆಗೊನೆಯ ಹಡಗಿನಲ್ಲಿ ಕೋಣೆ ಹಿಡಿದರು. ಕೆಳಗೆ ಹಣ್ಣು, ಮೇಲೆ ಪ್ರವಾಸಿ. ಕೆರಿಬಿಯನ್ನಿನಲ್ಲಿ ವಿಹಾರಯಾನ ಬೇರೂರಿದ್ದು ಹೀಗೆ.

ವಿಹಾರಕ್ಕೆಂದೇ ಹಡಗು ಕಟ್ಟುವ ಕಲ್ಪನೆ ಜರ್ಮನಿಯದು. ಹ್ಯಾಂಬರ್ಗ್ ಅಮೆರಿಕ ಲೈನ್‌ನ ಆಲ್ಬರ್ಟ್ ಬಾಲಿನ್ 1891ರ ಚಳಿಗಾಲದಲ್ಲಿ, ಅಟ್ಲಾಂಟಿಕ್ ದಾಟಲು ಪ್ರಯಾಣಿಕರಿಲ್ಲದೆ ಸುಮ್ಮನಿದ್ದ ಹಡಗೊಂದನ್ನು ಮೆಡಿಟರೇನಿಯನ್ ಸುತ್ತಲು ಕಳುಹಿಸಿದ. ಅದು ಯಶಸ್ವಿಯಾದಾಗ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ' ಎಂಬ ಹಡಗನ್ನು ವಿಹಾರಕ್ಕಾಗಿಯೇ ಕಟ್ಟಿಸಿದ. ಅದರ ಅಂತ್ಯವಾದದ್ದು ಜಮೈಕಾದಲ್ಲೇ. 1906ರ ಡಿಸೆಂಬರ್‌ನಲ್ಲಿ ಕಿಂಗ್‌ಸ್ಟನ್ ಬಂದರಿನ ಹತ್ತಿರ ಬಂಡೆಗೆ ಬಡಿಯಿತು. ಪ್ರಯಾಣಿಕರೆಲ್ಲ ಪಾರಾದರು. ಕಪ್ತಾನ ಮಾತ್ರ ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡ.

ವಿಮಾನದ ಪೆಟ್ಟು, ಮಯಾಮಿಯ ಅದೃಷ್ಟ

1958ರ ಅಕ್ಟೋಬರ್‌ನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ್ದೇ ತಡ, ಹಡಗಿನ ಪ್ರಯಾಣದ ದಿನಗಳು ಮುಗಿದವು ಎಂದು ಎಲ್ಲರೂ ಷರಾ ಬರೆದರು. ಐದಾರು ದಿನದ ದಾರಿ ಏಳೆಂಟು ಗಂಟೆಗೆ ಇಳಿದರೆ ಹಡಗು ಹತ್ತುವವರು ಯಾರು? ಆದರೆ ಊರು ಸೇರುವ ಅವಸರವೇ ಇಲ್ಲದವನಿಗೆ ಹಡಗು ಮಾರಬಹುದಲ್ಲ ಎಂದು ಯೋಚಿಸಿದವರು ಇಬ್ಬರು: ನಾರ್ವೆಯ ಕ್ನುಟ್ ಕ್ಲೋಸ್ಟರ್ ಮತ್ತು ಇಸ್ರೇಲ್ ಮೂಲದ ಟೆಡ್ ಆರಿಸನ್. ಜಿಬ್ರಾಲ್ಟರ್ ಮಾರ್ಗದಲ್ಲಿ ಕೆಲಸ ಕೆಟ್ಟು ನಿಂತಿದ್ದ ಕ್ಲೋಸ್ಟರ್‌ನ 'ಸನ್‌ವರ್ಡ್' ಎಂಬ ಹಡಗು 1966ರ ಡಿಸೆಂಬರ್‌ನಲ್ಲಿ ಮಯಾಮಿಯಿಂದ ಬಹಾಮಾದ ನಸ್ಸಾವಿಗೆ ಹೊರಟಿತು. ಮೂರು ನಾಲ್ಕು ದಿನದ ಯಾನ, ಮಧ್ಯಮವರ್ಗದ ಕೈಗೆಟುಕುವ ದರ. ಇಂದಿನ ಉದ್ಯಮ ಶುರುವಾದದ್ದು ಆ ಹಡಗಿನಿಂದ.

ಮುಂದೆ ಇಬ್ಬರೂ ಜಗಳವಾಡಿ ಬೇರೆಯಾದರು. ಆರಿಸನ್ 1972ರಲ್ಲಿ ಕಾರ್ನಿವಲ್ ಕಂಪೆನಿ ಕಟ್ಟಿದ. ಅದರ ಮೊದಲ ಹಡಗು 'ಮಾರ್ಡಿ ಗ್ರಾ' ಮೊದಲ ಯಾನದಲ್ಲೇ ಮಯಾಮಿಯ ಹೊರಗೆ ಮರಳದಿಣ್ಣೆ ಏರಿ ಕೂತಿತು. ಆದರೂ ಕಂಪೆನಿ ಮುಳುಗಲಿಲ್ಲ. 1977ರಿಂದ 'ದಿ ಲವ್ ಬೋಟ್' ಎಂಬ ಟಿ.ವಿ. ಧಾರಾವಾಹಿ ಹಡಗಿನ ಬದುಕನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಸನ್‌ವರ್ಡ್ ಒಂಬತ್ತು ಸಾವಿರ ಟನ್ನಿಗೂ ಕಡಿಮೆಯದು. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ 'ಐಕಾನ್ ಆಫ್ ದಿ ಸೀಸ್' ಎರಡು ಲಕ್ಷ 48 ಸಾವಿರ ಟನ್ನಿನದು, ಅಂದರೆ ಟೈಟಾನಿಕ್‌ನ ಐದು ಪಟ್ಟಿಗೂ ಮಿಗಿಲು. ತುಂಬಿದರೆ ಏಳೂವರೆ ಸಾವಿರ ಪ್ರಯಾಣಿಕರು, ಅವರ ಸೇವೆಗೆ ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿ.

ಬಾವುಟ ಮತ್ತು ಭಕ್ಷೀಸು

ಪ್ರಯಾಣಿಕರಲ್ಲಿ ಹೆಚ್ಚಿನವರು ಅಮೆರಿಕದವರು, ಹೊರಡುವ ಬಂದರು ಅಮೆರಿಕದ್ದು, ಕಂಪೆನಿಯ ಕಚೇರಿಯೂ ಅಲ್ಲೇ. ಆದರೆ ಹಡಗಿನ ಹಿಂಬದಿಯಲ್ಲಿ ಹಾರುವುದು ಬಹಾಮಾದ್ದೋ ಪನಾಮಾದ್ದೋ ಬಾವುಟ. ಇದರ ಮೂಲವೂ ಸ್ವಾರಸ್ಯಕರ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ಅಮೆರಿಕದ ಬಾವುಟವಿದ್ದ ಹಡಗಿನಲ್ಲೂ ಮದ್ಯ ಕೊಡುವಂತಿರಲಿಲ್ಲ. 1922ರಲ್ಲಿ 'ರಿಲಯನ್ಸ್' ಮತ್ತು 'ರೆಸೊಲ್ಯೂಟ್' ಎಂಬ ಎರಡು ಹಡಗುಗಳನ್ನು ಪನಾಮಾದಲ್ಲಿ ನೋಂದಾಯಿಸಿ ಈ ತೊಡಕಿನಿಂದ ಪಾರಾದರು. ಮದ್ಯಕ್ಕಾಗಿ ಕಂಡುಕೊಂಡ ಈ ಕಳ್ಳದಾರಿ ತೆರಿಗೆಗೂ ಕಾರ್ಮಿಕ ಕಾನೂನಿಗೂ ಅನುಕೂಲವೆಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ.

ಇದಕ್ಕೆ ಎದುರಾಗಿ 1886ರ ಕಾನೂನೊಂದಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಹೊರಟ ಬಂದರಿಗೇ ಮರಳುವುದಾದರೂ ದಾರಿಯಲ್ಲಿ ಇನ್ನೊಂದು ಅಮೆರಿಕನ್ ಬಂದರನ್ನು ಮುಟ್ಟಿದ್ದರೆ, ವಿದೇಶದ ಬಂದರೊಂದನ್ನೂ ಮುಟ್ಟಲೇಬೇಕು. ವೇಳಾಪಟ್ಟಿಗಳಲ್ಲಿ ನಸ್ಸಾವೋ ಮೆಕ್ಸಿಕೋದ ಕೊಜುಮೆಲ್ಲೋ ತಪ್ಪದೆ ಕಾಣಿಸಿಕೊಳ್ಳುವುದಕ್ಕೆ ಅಲ್ಲಿನ ಕಡಲತೀರದ ಚೆಲುವಿನ ಜೊತೆಗೆ ಈ ಹಳೆಯ ಕಾನೂನೂ ಒಂದು ಕಾರಣ.

ಭಕ್ಷೀಸಿನ ಕಿವಿಮಾತಿನ ಬೇರೂ ಇದೇ ಬಾವುಟದಲ್ಲಿದೆ. ಅಮೆರಿಕದ ಕನಿಷ್ಠ ವೇತನದ ನಿಯಮ ಈ ಹಡಗುಗಳಿಗೆ ತಗಲದು. ಕೋಣೆ ಗುಡಿಸುವವರು, ಊಟ ಬಡಿಸುವವರು ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದಂಥ ದೇಶಗಳವರು. ನಮ್ಮ ಮಂಗಳೂರು, ಉಡುಪಿ, ಗೋವಾ ಕಡೆಯ ತರುಣರೂ ಅವರಲ್ಲಿದ್ದಾರೆ. ತಿಂಗಳುಗಟ್ಟಲೆ ವಾರದ ರಜೆಯಿಲ್ಲದ ದುಡಿಮೆ, ಗಳಿಕೆಯ ದೊಡ್ಡ ಪಾಲು ಭಕ್ಷೀಸಿನಿಂದ. ಪ್ರಯಾಣಿಕನಿಗೆ ಧಾರಾಳತನವೆಂದು ತೋರುವ ಹಣ ಕೆಲಸಗಾರನಿಗೆ ಕೂಲಿ. ಆದ್ದರಿಂದ ಆ ಹಣವನ್ನು ಬಿಲ್ಲಿನಿಂದ ತೆಗೆಸಿಹಾಕುವ ಜಾಣತನ ಬೇಡ.

ಬೆಂಕಿ, ಬಿರುಗಾಳಿ

ಮೊದಲ ದಿನದ ಕವಾಯತು ಬೇಸರದ ಸಂಗತಿಯೆಂದು ಗೊಣಗುವವರು ಎರಡು ಹೆಸರು ತಿಳಿದಿರಬೇಕು. 1934ರ ಸೆಪ್ಟೆಂಬರ್‌ನಲ್ಲಿ ಕ್ಯೂಬಾದ ಹವಾನಾದಿಂದ ನ್ಯೂಯಾರ್ಕಿಗೆ ಮರಳುತ್ತಿದ್ದ 'ಮಾರೋ ಕ್ಯಾಸಲ್' ಹಡಗಿಗೆ ನಸುಕಿನಲ್ಲಿ ಬೆಂಕಿ ಹತ್ತಿ 137 ಮಂದಿ ಸತ್ತರು. 1965ರ ನವೆಂಬರ್‌ನಲ್ಲಿ ಮಯಾಮಿಯಿಂದ ನಸ್ಸಾವಿಗೆ ಹೊರಟಿದ್ದ 'ಯಾರ್ಮತ್ ಕ್ಯಾಸಲ್' ನಡುರಾತ್ರಿ ಉರಿದು ಮುಳುಗಿದಾಗ ಸುಮಾರು 90 ಮಂದಿ ಹೋದರು. ಅದು 1927ರಷ್ಟು ಹಳೆಯದು, ಒಳಗೆಲ್ಲ ಮರದ ಕೆಲಸ, ಹಾರುತ್ತಿದ್ದದ್ದು ಪನಾಮಾದ ಬಾವುಟ. ಅಮೆರಿಕದ ಹೊಸ ಸುರಕ್ಷತಾ ನಿಯಮಗಳು ಅದಕ್ಕೆ ತಗಲುತ್ತಿರಲಿಲ್ಲ. ಆ ಸಾವುಗಳ ನಂತರವೇ ಅಂತರರಾಷ್ಟ್ರೀಯ ನಿಯಮಗಳು ಬಿಗಿಯಾದವು. ಇಟಲಿಯ ತೀರದಲ್ಲಿ 2012ರಲ್ಲಿ 'ಕೋಸ್ತಾ ಕಾಂಕಾರ್ಡಿಯಾ' ಮಗುಚಿ 32 ಮಂದಿ ಸತ್ತರು. ಅಂದು ಹತ್ತಿದ್ದ ಹೊಸ ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಕವಾಯತು ನಡೆಸಬೇಕೆಂಬ ನಿಯಮ ಆಮೇಲೆ ಬಂತು.

ಬಿರುಗಾಳಿಯ ಕಥೆ ಇನ್ನೂ ಕಹಿ. 'ಹರಿಕೇನ್' ಎಂಬ ಮಾತನ್ನು ಜಗತ್ತಿಗೆ ಕೊಟ್ಟವರೇ ಈ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನ. ಇಂದಿನ ದೊಡ್ಡ ಹಡಗುಗಳು ಮುನ್ಸೂಚನೆ ನೋಡಿ ದಾರಿ ಬದಲಿಸುತ್ತವೆ. ಪ್ರಯಾಣಿಕನಿಗೆ ಆಗುವ ನಷ್ಟವೆಂದರೆ ನೋಡಬೇಕೆಂದಿದ್ದ ದ್ವೀಪ ತಪ್ಪಿ ಬೇರೊಂದು ಸಿಗುವುದು. ಆದರೆ 1998ರ ಅಕ್ಟೋಬರ್‌ನಲ್ಲಿ 'ಮಿಚ್' ಚಂಡಮಾರುತ ಬಂದಾಗ 'ಫಾಂಟೋಮ್' ಎಂಬ ಹಾಯಿಹಡಗು ಪ್ರವಾಸಿಗರನ್ನೆಲ್ಲ ಬೆಲಿಜ್ ನಗರದಲ್ಲಿ ಇಳಿಸಿ, ಗಾಳಿಯಿಂದ ತಪ್ಪಿಸಿಕೊಳ್ಳಲು ಸಮುದ್ರಕ್ಕೆ ಮರಳಿತು. ಹಡಗಿನಲ್ಲಿ ಉಳಿದಿದ್ದವರು ಸಿಬ್ಬಂದಿ, 31 ಮಂದಿ. ಅವರಲ್ಲಿ ಒಬ್ಬರೂ ಮರಳಲಿಲ್ಲ.

ಏಳು ಗಂಟೆಯ ದ್ವೀಪ

ಒಂದು ಬಂದರಿನಲ್ಲಿ ಹಡಗು ನಿಲ್ಲುವುದು ಸಾಮಾನ್ಯವಾಗಿ ಏಳೆಂಟು ಗಂಟೆ. ಊಟ, ನಿದ್ದೆ, ಜೂಜು, ನಾಟಕ ಎಲ್ಲವೂ ಹಡಗಿನಲ್ಲೇ ಇರುವುದರಿಂದ ದ್ವೀಪದಲ್ಲಿ ಖರ್ಚಾಗುವುದು ಅಷ್ಟಕ್ಕಷ್ಟೇ. ಕಂಪೆನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. 1977ರಲ್ಲಿ ಕ್ಲೋಸ್ಟರ್‌ನ ಕಂಪೆನಿ ಬಹಾಮಾದಲ್ಲಿ ಒಂದು ಪುಟ್ಟ ದ್ವೀಪವನ್ನೇ ಕೊಂಡಿತು. 1986ರಲ್ಲಿ ಇನ್ನೊಂದು ಕಂಪೆನಿ ಹೈಟಿಯ ಲಬಾಡಿ ಎಂಬ ತೀರವನ್ನು ಗುತ್ತಿಗೆಗೆ ಹಿಡಿದು ಬೇಲಿ ಹಾಕಿತು. ಅಲ್ಲಿ ಮರಳೂ ಅವರದೇ, ಅಡುಗೆಯೂ ಅವರದೇ.

ದ್ವೀಪಗಳು ತಮ್ಮ ಪಾಲು ಕೇಳದೆ ಇರಲಿಲ್ಲ. 1990ರ ದಶಕದಲ್ಲಿ ಕೆರಿಬಿಯನ್ ದೇಶಗಳು ಒಟ್ಟಾಗಿ ಪ್ರತಿ ಪ್ರವಾಸಿಯ ಮೇಲೂ ಕನಿಷ್ಠ 10 ಡಾಲರ್ ತೆರಿಗೆ ಹಾಕಲು ಹೊರಟವು. ಹಡಗಿಗೆ ಚಕ್ರವಿಲ್ಲದಿದ್ದರೂ ಚುಕ್ಕಾಣಿ ಇದೆ. ಇಲ್ಲಿ ತೆರಿಗೆಯಾದರೆ ಪಕ್ಕದ ದ್ವೀಪಕ್ಕೆ ತಿರುಗಬಹುದು. ಬಡ ದೇಶಗಳ ಒಗ್ಗಟ್ಟು ಆ ಭಯದ ಮುಂದೆ ನಿಲ್ಲಲಿಲ್ಲ. ಎಲ್ಲರೂ ಬಾಗಿದರೆಂದಲ್ಲ. ದೊಡ್ಡ ಹಡಗು ನಿಲ್ಲುವ ಕಟ್ಟೆಯೇ ಇಲ್ಲದ, ಸಣ್ಣ ದೋಣಿಗಳಲ್ಲಿ ಪ್ರವಾಸಿಗರನ್ನು ದಡ ಸೇರಿಸುವ ಕೇಮನ್ ದ್ವೀಪದಲ್ಲಿ ಕಟ್ಟೆ ಬೇಕೇ ಎಂದು 2025ರಲ್ಲಿ ಜನಮತ ಕೇಳಿದಾಗ ಬೇಡ ಎಂದವರೇ ಹೆಚ್ಚು.

ಫಾಲ್ಮತ್‌ಗೆ ಮರಳೋಣ. ಉಗಿಹಡಗುಗಳ ಕಾಲದಲ್ಲಿ ಆಳ ಸಾಲದೆ ಆ ಬಂದರು ಪಾಳುಬಿದ್ದಿತ್ತು. ಹೊಸದನ್ನು ಕಟ್ಟಲು ದುಡ್ಡಿಲ್ಲದ್ದರಿಂದಲೇ ಹಳೆಯ ಮನೆಗಳು ಉಳಿದುಕೊಂಡವು. 2011ರಲ್ಲಿ ಸಮುದ್ರದ ತಳ ಅಗೆದು, ದೊಡ್ಡ ಹಡಗುಗಳಿಗೆ ಕಟ್ಟೆ ಕಟ್ಟಿ, ಬೇಲಿಯೊಳಗೆ ಅಂಗಡಿಗಳ ಸಾಲು ಎಬ್ಬಿಸಿದರು. ಅಲ್ಲಿಂದ ಬಸ್ಸುಗಳು ಪ್ರವಾಸಿಗರನ್ನು ದೂರದ ಜಲಪಾತಕ್ಕೆ ಒಯ್ಯುತ್ತವೆ. ಊರೊಳಗೆ ನಡೆದು ಹೋಗುವವರು ಕಡಿಮೆ.

ನಡೆದು ಹೋದವರಿಗೆ ವಿಲಿಯಂ ನಿಬ್ ಎಂಬ ಪಾದ್ರಿಯ ಹೆಸರಿನ ಚರ್ಚು ಸಿಗುತ್ತದೆ. 1838ರ ಜುಲೈ 31ರ ರಾತ್ರಿ, ಗುಲಾಮಗಿರಿ ಪೂರ್ಣವಾಗಿ ಕೊನೆಗೊಳ್ಳುವ ಗಳಿಗೆಗೆ ಕಾದಿದ್ದ ಜನ ಸರಪಳಿ, ಚಾಟಿ, ಕಬ್ಬಿಣದ ಕೊರಳಪಟ್ಟಿಗಳನ್ನು ಒಂದು ಶವಪೆಟ್ಟಿಗೆಯಲ್ಲಿಟ್ಟು ಹೂಳಿದ್ದು ಆ ಊರಿನಲ್ಲೇ. ಅದೇ ವರ್ಷ ಗಯಾನಾಕ್ಕೂ, 1845ರಲ್ಲಿ ಜಮೈಕಾ ಮತ್ತು ಟ್ರಿನಿಡಾಡ್‌ಗಳಿಗೂ ಕಬ್ಬಿನ ಗದ್ದೆಯಲ್ಲಿ ದುಡಿಯಲು ಭಾರತದಿಂದ ಕೂಲಿಗಳ ಹಡಗು ಬಂತು ಎಂಬುದು ನಮಗೆ ನೆನಪಿರಬೇಕಾದ ಮಾತು.

ಚಳಿಗಾಲದಲ್ಲಿ ನಮ್ಮ ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಒಂದು ದಿನದಲ್ಲಿ ಅವರು ನಮ್ಮನ್ನು ಎಷ್ಟು ಅರಿತಾರು ಎಂದು ನಗುವ ನಾವು, ಫಾಲ್ಮತ್‌ನಲ್ಲಿ ಇಳಿದ ದಿನ ಆ ನಗೆಯನ್ನು ನೆನಪಿಸಿಕೊಂಡರೆ ಒಳ್ಳೆಯದು. ಹಳೆಯ ಕಿವಿಮಾತುಗಳಿಗೆ ಇನ್ನೊಂದನ್ನು ಸೇರಿಸಬಹುದು: ಬೇಲಿ ದಾಟಿ ಊರೊಳಗೆ ಹೋಗಿ, ಊರಿನವರ ಅಂಗಡಿಯಲ್ಲಿ ಊಟ ಮಾಡಿ, ದುಡ್ಡು ಅಲ್ಲಿಯೇ ಉಳಿಯಲಿ. ಗಡಿಯಾರ ಮಾತ್ರ ಹಡಗಿನ ವೇಳೆಗೇ ಇರಲಿ.