ಒಂದು ಕಿರುಹೊತ್ತಿಗೆ ತೆರೆದ ಸೇವೆಯ ದಾರಿ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ಧರ್ಮಸಭೆ ಈ ದಿನವನ್ನು ವಿಶ್ವ ರೋಗಿಗಳ ದಿನವಾಗಿಯೂ ಆಚರಿಸುತ್ತಿದೆ. ಅಂದು ಬಲಿಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಜನರು ರೋಗಕ್ಕೆ ತುತ್ತಾಗದಂತೆ ಕಾಯುವವರನ್ನು ನೆನೆಯುತ್ತೇವೆಯೇ? ಆ ಸೇವೆಗೆ ಆರೋಗ್ಯ ಸಂವರ್ಧನೆ ಎಂದು ಹೆಸರು. ಅದರ ಹಿಂದೆ ನಮ್ಮ ಧರ್ಮಸಭೆಯ ಇತಿಹಾಸವೂ ಇದೆ.

1915ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ವೈದ್ಯೆ ಮೇರಿ ಗ್ಲೌರಿ ಅವರ ಕೈಗೆ ಒಂದು ಕಿರುಹೊತ್ತಿಗೆ ಬಂತು. ಭಾರತದ ತಾಯಂದಿರಿಗಾಗಿ ದುಡಿದ ಡಾ. ಆಗ್ನೆಸ್ ಮೆಕ್‌ಲಾರೆನ್ ಅವರ ಕುರಿತು ಅದರಲ್ಲಿ ಬರೆದಿತ್ತು. ಇಲ್ಲಿ ಹಸುಗೂಸುಗಳು ಸಾಯುತ್ತಿದ್ದ ಪರಿಯನ್ನು ಓದಿ ಅವರ ಮನ ಕಲಕಿತು. 1920ರಲ್ಲಿ ಅವರು ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಸನ್ಯಾಸಿನಿಯರು ವೈದ್ಯವೃತ್ತಿ ಮಾಡಲು ಆಗ ಧರ್ಮಸಭೆಯ ಕಾನೂನು ಅಡ್ಡಿಯಾಗಿತ್ತು. ಆದ್ದರಿಂದ ಅವರಿಗೆ ಪೋಪ್ ಹದಿನೈದನೇ ಬೆನೆಡಿಕ್ಟರ ವಿಶೇಷ ಅನುಮತಿ ಬೇಕಾಯಿತು. 1936ರಲ್ಲಿ, ಇದೇ ಫೆಬ್ರವರಿ 11ರಂದು, ರೋಮ್ ಹೊರಡಿಸಿದ ಆದೇಶವು ತಾಯಿ-ಮಗುವಿನ ಆರೈಕೆಗಾಗಿ ಭಗಿನಿಯರು ವೈದ್ಯಕೀಯ ಮತ್ತು ದಾದಿಯರ ತರಬೇತಿ ಪಡೆಯುವಂತೆ ಪ್ರೋತ್ಸಾಹಿಸಿತು.

ಮೇರಿ ಭಗಿನಿಯವರು ಮದ್ದು ಕೊಟ್ಟು ಸುಮ್ಮನಾಗಲಿಲ್ಲ. ಸ್ಥಳೀಯ ಹೆಣ್ಣುಮಕ್ಕಳಿಗೆ ದಾದಿಯರ, ಸೂಲಗಿತ್ತಿಯರ ಮತ್ತು ಔಷಧಿ ತಯಾರಿಸುವವರ ಕೆಲಸ ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಟನೆಯನ್ನು ಕಟ್ಟಿದರು. ಅದರ ಹೆಸರಿನಲ್ಲಿದ್ದ ‘ಆಸ್ಪತ್ರೆ’ಯ ಜಾಗದಲ್ಲಿ ಮುಂದೆ ‘ಆರೋಗ್ಯ’ ಬಂತು. ಹೆಸರಿನ ಜೊತೆ ದೃಷ್ಟಿಯೂ ಬದಲಾಗಿತ್ತು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಕನಸು. 1957ರಲ್ಲಿ ಅವರು ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. 1963ರಲ್ಲಿ ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು.

1973ರಲ್ಲಿ ಆ ಕಾಲೇಜಿನವರು ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಕೈಜೋಡಿಸಿದರು. ಹಾಲಿನ ಹಣದ ಒಂದು ಪಾಲು ಊರಿನ ಆರೋಗ್ಯಕ್ಕೆ ಮೀಸಲಾಯಿತು. ಜನರೇ ತಮ್ಮ ಆರೋಗ್ಯದ ಹೊಣೆ ಹೊರಬೇಕೆಂಬ ಈ ಮಾತನ್ನೇ 1978ರಲ್ಲಿ ಆಲ್ಮಾ ಆಟಾದಲ್ಲಿ ಸೇರಿದ ರಾಷ್ಟ್ರಗಳು ಘೋಷಿಸಿದವು.

ತಂದೆತಾಯಂದಿರೇ, ಪಿಯುಸಿ ಫಲಿತಾಂಶ ಬಂದಾಗ ಎಷ್ಟೋ ಮನೆಗಳಲ್ಲಿ ಸಾವಿನ ಮೌನ ಕವಿಯುವುದನ್ನು ಕಂಡಿದ್ದೇನೆ. ಡಾಕ್ಟರ್ ಸೀಟು ಸಿಗದಿದ್ದರೆ ಎಲ್ಲ ಮುಗಿಯಿತೆಂಬ ಭಾವನೆ. ಮುಗಿದಿಲ್ಲ. ಪಿಯುಸಿ ನಂತರ ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇವೆ. ನರ್ಸಿಂಗ್ ಪದವೀಧರರಿಗೆ ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗುವ ಅವಕಾಶವಿದೆ. ಸಮಾಜಕಾರ್ಯ ಓದಿದವರೂ ಸಾರ್ವಜನಿಕ ಆರೋಗ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆಯಬಹುದು. ಹೆಚ್ಚು ಓದದ ಸೊಸೆಯಂದಿರು 2005ರಲ್ಲಿ ಆರಂಭವಾದ ಆಶಾ ಯೋಜನೆಯಲ್ಲಿ ತಮ್ಮ ಊರಿಗೇ ದುಡಿಯುತ್ತಿದ್ದಾರೆ.

ಒಂದು ಸತ್ಯವನ್ನು ಮರೆಮಾಚಬಾರದು. ಈ ದಾರಿಯಲ್ಲಿ ಹಣ ಕಡಿಮೆ. ಆಶಾ ಕಾರ್ಯಕರ್ತೆಯರಿಗೆ ಖಾಯಂ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನವಷ್ಟೇ. ಅವರ ನ್ಯಾಯಯುತ ಬೇಡಿಕೆಗೆ ದನಿಗೂಡಿಸುವುದೂ ನಮ್ಮ ಕರ್ತವ್ಯ. ತಡೆದ ರೋಗಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಬಾರದ ಜ್ವರ ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ದೇವರು ಕಾಣುತ್ತಾರೆ.

ಮಾತೆ ಮರಿಯಮ್ಮನವರು ಬಸುರಿ ಎಲಿಜಬೇತಮ್ಮನವರ ಮನೆಗೆ ತಾವಾಗಿಯೇ ನಡೆದು ಹೋದರು. ಕರೆಯುವ ತನಕ ಕಾಯಲಿಲ್ಲ. ಈ ಹಬ್ಬದಂದು ನಿಮ್ಮ ಮನೆಯ ಮಗಳೋ ಮಗನೋ ಮುಂದೇನು ಓದಲಿ ಎಂದು ಕೇಳಿದರೆ, ಆ ನಡಿಗೆಯ ದಾರಿಯನ್ನೂ ತೋರಿಸಿ. ಲೂರ್ದು ಮಾತೆ ನಿಮ್ಮೆಲ್ಲರನ್ನೂ ಕಾಪಾಡಲಿ. ಆಮೆನ್.