ಕಾಶ್ಮೀರ ರೋವನ್

ರೋಸೇಸೀ ಕುಟುಂಬಕ್ಕೆ ಸೇರಿದ, ಎಲೆ ಉದುರಿಸುವ ಸಣ್ಣ ಮರ. ವೈಜ್ಞಾನಿಕ ನಾಮ ಸೋರ್ಬಸ್ ಕಾಶ್ಮೀರಿಯಾನಾ. ಸೇಬು, ಗುಲಾಬಿಗಳೂ ಇದೇ ಕುಟುಂಬದವು. ಪಶ್ಚಿಮ ಹಿಮಾಲಯದ ಎತ್ತರದ ಇಳಿಜಾರುಗಳು, ಮುಖ್ಯವಾಗಿ ಕಾಶ್ಮೀರ, ಇದರ ತವರು. ಸ್ವೀಡನ್ನಿನ ಸಸ್ಯವಿಜ್ಞಾನಿ ಟಿ. ಹೆಡ್ಲುಂಡ್ 1901ರಲ್ಲಿ ಇದಕ್ಕೆ ಹೆಸರಿಟ್ಟರು. ಇಂದು ಇದನ್ನು ಬೆಳೆಸುವವರು ಹೆಚ್ಚಾಗಿ ಉತ್ತರ ಯುರೋಪಿನ ತೋಟಗಾರರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ 'ಅವಾರ್ಡ್ ಆಫ್ ಗಾರ್ಡನ್ ಮೆರಿಟ್' ಕೂಡ ಇದಕ್ಕೆ ಸಂದಿದೆ.

ಮರ ಸುಮಾರು 4-8 ಮೀ. ಎತ್ತರ ಬೆಳೆಯುತ್ತದೆ. ಎಲೆಯ ನಡುದಿಂಡಿನ ಎರಡೂ ಬದಿಗೆ ಗರಗಸದಂಥ ಅಂಚಿನ ಕಿರುಎಲೆಗಳು ಸಾಲಾಗಿರುತ್ತವೆ. ಒಂದೊಂದು ಎಲೆಯಲ್ಲಿ ಸಾಮಾನ್ಯವಾಗಿ 17-19. ಹೆಚ್ಚಿನ ರೋವನ್‌ಗಳ (ಸೋರ್ಬಸ್ ಕುಲದ ಇಂಥ ಮರಗಳ) ಹೂ ಬಿಳಿ. ಇದರದು ನಸುಗುಲಾಬಿ, ಗಾತ್ರದಲ್ಲೂ ತುಸು ದೊಡ್ಡದು. ಯುರೋಪಿನಲ್ಲಿ ಮೇ ತಿಂಗಳಲ್ಲಿ ಅರಳುತ್ತದೆ.

ಹೂವು ಚೆಂದವೇ, ಆದರೆ ಈ ಮರ ಹೆಸರುವಾಸಿಯಾಗಿರುವುದು ಹಣ್ಣಿನಿಂದ. ಯುರೋಪಿನ ಸಾಮಾನ್ಯ ರೋವನ್‌ನ ಹಣ್ಣು ಕಿತ್ತಳೆಗೆಂಪಾದರೆ ಇದರದು ಮುತ್ತಿನಂಥ ಬಿಳುಪು. ಸುಮಾರು ಒಂದು ಸೆಂ.ಮೀ. ಅಡ್ಡಳತೆಯ ಹಣ್ಣುಗಳು ಕೆಂಪು ಛಾಯೆಯ ತೊಟ್ಟುಗಳಲ್ಲಿ ಗೊಂಚಲಾಗಿ ಜೋಲುತ್ತವೆ. ಭಾರಕ್ಕೆ ಕೊಂಬೆ ಬಾಗುವುದೂ ಉಂಟು. ತೊಟ್ಟಿನ ಎದುರು ತುದಿಯಲ್ಲಿ, ಸೇಬಿನಲ್ಲಿರುವಂತೆಯೇ, ಒಣಗಿದ ಪುಷ್ಪಪಾತ್ರೆಯ ಚೂರು ಉಳಿದಿರುತ್ತದೆ. ಎಲೆಯೆಲ್ಲ ಉದುರಿದ ಮೇಲೂ ಹಣ್ಣು ಚಳಿಗಾಲದವರೆಗೆ ಬರಿಗೊಂಬೆಯಲ್ಲೇ ನಿಲ್ಲುತ್ತದೆ. ಕೆಂಪು ಹಣ್ಣಿಗೆ ಮುಗಿಬೀಳುವ ಹಕ್ಕಿಗಳು ಬಿಳಿಯದರತ್ತ ತಡವಾಗಿ ಬರುತ್ತವೆ ಎಂಬುದು ತೋಟಗಾರರ ಅನುಭವ.

ರೋವನ್ ಹಣ್ಣುಗಳನ್ನು ಹಸಿಯಾಗಿ ತಿನ್ನುವಂತಿಲ್ಲ. ಯುರೋಪಿನ ಜಾತಿಯ ಹಣ್ಣಿನಲ್ಲಿರುವ ಪ್ಯಾರಾಸೋರ್ಬಿಕ್ ಆಮ್ಲ ಹೊಟ್ಟೆ ಕೆಡಿಸುತ್ತದೆ. ಅದೇ ಹಣ್ಣಿನ ಎಣ್ಣೆಯಿಂದ 1859ರಲ್ಲಿ ಎ. ಡಬ್ಲ್ಯು. ಹಾಫ್‌ಮನ್ ಪಡೆದ ಸೋರ್ಬಿಕ್ ಆಮ್ಲ ಈಗ ಆಹಾರ ಕೆಡದಂತೆ ಕಾಯುವ ಸಂರಕ್ಷಕ.

ಸೇಬಿನ ಬೀಜ ನೆಟ್ಟರೆ ತಾಯಿಮರದ ಗುಣ ಬರುವ ಭರವಸೆಯಿಲ್ಲ. ಆದ್ದರಿಂದಲೇ ಕಸಿ ಕಟ್ಟುತ್ತಾರೆ. ಕಾಶ್ಮೀರ ರೋವನ್‌ಗೆ ಆ ತಾಪತ್ರಯವಿಲ್ಲ. ಇದು ವರ್ಣತಂತುಗಳ ನಾಲ್ಕು ಗಣಗಳಿರುವ (ಒಟ್ಟು 68) ಸಸ್ಯ. ಬೀಜದ ಭ್ರೂಣ ನಿಷೇಚನವಿಲ್ಲದೆ ರೂಪುಗೊಳ್ಳುವುದರಿಂದ ಸಸಿಗಳೆಲ್ಲ ತಾಯಿಯ ಪಡಿಯಚ್ಚು. ಬೀಜವನ್ನು ತಿರುಳಿನಿಂದ ಬಿಡಿಸಿ, ಚಳಿಗಾಲವಿಡೀ ತೇವ ಮತ್ತು ತಂಪಿನಲ್ಲಿಟ್ಟರೆ ವಸಂತದಲ್ಲಿ ಮೊಳೆಯುತ್ತದೆ. ನೀರು ಬಸಿದುಹೋಗುವ ಮಣ್ಣು, ಬಿಸಿಲು, ತಂಪು ಬೇಸಿಗೆ ಇದಕ್ಕೆ ಹಿತ. ಮುಖ್ಯ ಪಿಡುಗು ಸೇಬನ್ನೂ ಕಾಡುವ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯ ರೋಗ. ಅದು ತಗುಲಿದರೆ ಹೂಗೊಂಚಲು, ಎಳೆಚಿಗುರುಗಳು ಸುಟ್ಟಂತೆ ಕಪ್ಪಾಗುತ್ತವೆ. ರೋಗ ಕಂಡ ಕೊಂಬೆಯನ್ನು ಸಾಕಷ್ಟು ಕೆಳಗಿನಿಂದ ಕತ್ತರಿಸಿ ತೆಗೆಯಬೇಕು.