ಅಳಿಯಕಟ್ಟಿನಿಂದ ವೀಲುನಾಮೆಯವರೆಗೆ: ಕಾಸರಗೋಡಿನ ಮನೆತನಗಳ ಆಸ್ತಿಚರಿತ್ರೆ

ಗಡಿನಾಡೆಂದೊಡನೆ ನಮ್ಮ ಸಮ್ಮೇಳನಗಳಲ್ಲಿ ಶಾಲೆ, ಭಾಷೆ ಹಾಗೂ ಮಹಾಜನ ವರದಿಯ ಮಾತು ಬರುವುದು ಸಹಜ. ಮನೆತನದ ಗದ್ದೆ, ತೋಟ, ಮನೆಗಳು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೂ ಈ ನೆಲದಲ್ಲಿ ಅಷ್ಟೇ ಗಾಢವಾದ ಚರಿತ್ರೆಯಿದೆ. ಅದನ್ನು ಬರೆದಿಟ್ಟವರು ಕಡಿಮೆ. ಕಾಸರಗೋಡಿನ ಅಳಿಯಸಂತಾನದ ಕುಟುಂಬಗಳು ಮೂವತ್ತು ವರ್ಷಗಳೊಳಗೆ ಮೂರು ಕಾಯಿದೆಗಳಿಗೆ ಒಳಗಾದವು. ಇಂದು ಆ ಮನೆಗಳಲ್ಲಿ ಪಾಲಿನ ಮಾತು ಎದ್ದಾಗ ಉಂಟಾಗುವ ಗೊಂದಲಗಳ ಬೇರು ಅಲ್ಲಿದೆ.

ಹವ್ಯಕರೇ ಮೊದಲಾದವರದು ಮಕ್ಕಳಕಟ್ಟು. ಬಂಟರು, ಬಿಲ್ಲವರು ಮುಂತಾದ ಅನೇಕ ಸಮುದಾಯಗಳದು ಅಳಿಯಕಟ್ಟು. ಸೋದರಿಯ ಮಗನನ್ನು ಬಲಿಗೆ ಪಡೆಯಲು ಬಂದ ಕುಂಡೋದರ ಭೂತ ಒಲಿದು ಅವನನ್ನು ಭೂತಾಳ ಪಾಂಡ್ಯನನ್ನಾಗಿ ಮಾಡಿತೆಂಬ ಐತಿಹ್ಯವನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದನ್ನು ಚರಿತ್ರೆಯೆಂದು ವಿದ್ವಾಂಸರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಪದ್ಧತಿ ಮಾತ್ರ ಗಟ್ಟಿಯಾಗಿಯೇ ಇತ್ತು. ಆಸ್ತಿ ತಾಯಿಯ ಕಡೆಯ ಕುಟುಂಬಕ್ಕೆ ಸೇರಿದ್ದು. ಹಿರಿಯರು ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಹೆಣ್ಣಿಗೂ ಆಡಳಿತದ ಅಧಿಕಾರವಿತ್ತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪಾಲು ಕೇಳುವ ಹಕ್ಕು ಮಾತ್ರ ಯಾರಿಗೂ ಇರಲಿಲ್ಲ. ಎಲ್ಲರೂ ಒಪ್ಪಿದರೆ ಪಾಲು, ಒಬ್ಬರು ಒಪ್ಪದಿದ್ದರೂ ಇಲ್ಲವೆಂದು ಮದ್ರಾಸ್ ಹೈಕೋರ್ಟು 1860ರ ದಶಕದಲ್ಲಿಯೇ ತೀರ್ಮಾನಿಸಿತ್ತು.

ಈ ಕಟ್ಟಿನಲ್ಲಿ ವಿಧವೆಯಾದ ಹೆಣ್ಣು ಬೀದಿಗೆ ಬೀಳುತ್ತಿರಲಿಲ್ಲ. ತವರಿನಲ್ಲಿ ಅವಳ ಅನ್ನ ಅವಳದೇ ಹಕ್ಕಿನ ಅನ್ನ. ತೊಡಕು ಬರುತ್ತಿದ್ದುದು ಇನ್ನೊಂದು ಕಡೆಯಿಂದ. ಗಂಡು ದುಡಿದು ಸಂಪಾದಿಸಿದ ಸ್ವಯಾರ್ಜಿತ ಕೂಡ, ಅವನು ಏನನ್ನೂ ಬರೆದಿಡದೆ ತೀರಿಕೊಂಡರೆ, ಹೆಂಡತಿ ಮಕ್ಕಳಿಗೆ ಬಾರದೆ ಅವನ ಕುಟುಂಬಕ್ಕೆ ಸೇರುತ್ತಿತ್ತು. ಆದುದರಿಂದ ದೂರದೃಷ್ಟಿಯುಳ್ಳವರು ಬದುಕಿರುವಾಗಲೇ ಹೆಂಡತಿಯ ಹೆಸರಿಗೆ ದಾನಪತ್ರ ಬರೆಯುತ್ತಿದ್ದರು. ಅಳಿಯಸಂತಾನದವರು ಮರಣಶಾಸನ ಬರೆಯಬಹುದೆಂಬುದನ್ನು 1898ರ ಮಲಬಾರ್ ವಿಲ್ಸ್ ಕಾಯಿದೆ ಸ್ಪಷ್ಟಪಡಿಸಿತು. ವೀಲುನಾಮೆ ಎಂಬುದು ನಗರದವರ ಹೊಸ ಅಭ್ಯಾಸವೆಂದು ಭಾವಿಸುವ ನಮ್ಮ ಯುವಕರು ಇದನ್ನು ಗಮನಿಸಬೇಕು.

1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂತು; ಪಾಲಿನ ಬಾಗಿಲು ತೆರೆಯಿತು. ಪಾಲು ವ್ಯಕ್ತಿಗಲ್ಲ, ಕವರಿಗೆ. ಕವರು ಎಂದರೆ ಒಬ್ಬಳು ತಾಯಿ, ಅವಳ ಮಕ್ಕಳು, ಮತ್ತು ಹೆಣ್ಣುಮಕ್ಕಳ ಮೂಲಕ ಬೆಳೆದ ಸಂತತಿ. ಕವರಿನಲ್ಲಿ ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಉಳಿದ ಕುಟುಂಬದಲ್ಲಿ ಅಂಥ ಹೆಣ್ಣಿದ್ದರೆ, ನಿಸ್ಸಂತತಿ ಕವರಿಗೆ ದೊರೆತ ಆಸ್ತಿಯ ಮೇಲೆ ಜೀವಿತಾವಧಿಯ ಹಕ್ಕು ಮಾತ್ರ. ಸೋದರಿಯರಿಲ್ಲದ, ತಾಯಿಯನ್ನು ಕಳೆದುಕೊಂಡ ಗಂಡಸಿನ ಕವರೂ ಇದೇ ಲೆಕ್ಕಕ್ಕೆ ಬರುತ್ತಿತ್ತು, ಅವನಿಗೆ ಮನೆ ತುಂಬ ಮಕ್ಕಳಿದ್ದರೂ! ಕುಟುಂಬದ ದೃಷ್ಟಿಯಲ್ಲಿ ಅವನು ನಿಸ್ಸಂತತಿ. ಕಾಯಿದೆ ಬರೆದವರಿಗೆ ತರ್ಕ ತಪ್ಪಿರಲಿಲ್ಲ. ಆ ಮಕ್ಕಳು ತಂದೆಯ ಅನ್ನವನ್ನೇ ಉಂಡು ಬೆಳೆಯುವ ಕಾಲ ಅದಾಗಲೇ ಬಂದಿತ್ತೆಂಬುದು ಮಾತ್ರ ತರ್ಕದ ಹೊರಗೆ ಉಳಿಯಿತು.

1956 ನಮಗೆ ಎರಡು ಬಾರಿ ಬದಲಾವಣೆಯ ವರ್ಷ. ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದು, ಕುಟುಂಬದಲ್ಲಿ ತನಗಿರುವ ಅವಿಭಕ್ತ ಹಿಸ್ಸೆಯನ್ನೂ ಒಬ್ಬನು ಮರಣಶಾಸನದಿಂದ ಕೊಡಬಹುದೆಂದಿತು. ಬರೆಯದೆ ಸತ್ತರೆ ಅದು ವಾರಸುದಾರರಿಗೆ ಹೋಗಬೇಕೆಂದಿತು. ತಾಯಿಯ ಹಕ್ಕಿನ ನೆನಪನ್ನು ಅದು ಪೂರ್ತಿ ಅಳಿಸಲಿಲ್ಲ. ಸಾಮಾನ್ಯವಾಗಿ ಹೆಂಗಸು ತೀರಿಕೊಂಡರೆ ಮಕ್ಕಳೊಂದಿಗೆ ಗಂಡನೂ ಮೊದಲ ಸಾಲಿನ ವಾರಸುದಾರ. ಅಳಿಯಸಂತಾನದ ಹೆಂಗಸಿಗೆ 17ನೆಯ ಕಲಮಿನ ಪ್ರಕಾರ ಮಕ್ಕಳೊಂದಿಗೆ ಅವಳ ತಾಯಿ ಮೊದಲ ಸಾಲಿನಲ್ಲಿ, ಗಂಡ ಎರಡನೆಯ ಸಾಲಿನಲ್ಲಿ. ಮುಂದೆ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ತಲಪಾಡಿಯ ಆಚೆಗೊಂದು, ಈಚೆಗೊಂದು ಕವರು ನೆಲೆಸಿದ್ದ ಕುಟುಂಬಗಳಿಗೆ ಅಂದಿನಿಂದ ಎರಡು ವಿಧಾನಸಭೆಗಳು.

ಅದರ ಪರಿಣಾಮ ಇಪ್ಪತ್ತು ವರ್ಷಗಳ ಬಳಿಕ ಕಂಡಿತು. ಕೇರಳದ ಅವಿಭಕ್ತ ಹಿಂದೂ ಕುಟುಂಬ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಆ ದಿನ ಬದುಕಿದ್ದ ಪ್ರತಿಯೊಬ್ಬ ಸದಸ್ಯನಿಗೂ ತಲಾ ಒಂದು ಪಾಲು ಬಂದಂತೆ ಎಣಿಸಬೇಕು. ತೊಟ್ಟಿಲ ಕೂಸಿಗೂ ಮಕ್ಕಳಿಲ್ಲದ ಮುದುಕಿಗೂ ಯಜಮಾನನಿಗೂ ಸಮಪಾಲು. ಅಜ್ಜಿ, ಅವಳ ಇಬ್ಬರು ಹೆಣ್ಣುಮಕ್ಕಳು, ಅವರಲ್ಲಿ ಒಬ್ಬಳಿಗೆ ಆರು ಮಕ್ಕಳು, ಇನ್ನೊಬ್ಬಳಿಗೆ ಇಬ್ಬರು ಎಂದಿಟ್ಟುಕೊಳ್ಳೋಣ. ಆಸ್ತಿ ಹನ್ನೊಂದು ಪಾಲು. ಹಿರಿಯಳ ಕಡೆಗೆ ಏಳು, ಕಿರಿಯಳ ಕಡೆಗೆ ಮೂರು, ಅಜ್ಜಿಗೆ ಒಂದು. ಕೂಡಲೇ ಗಡಿಕಲ್ಲು ಹಾಕಿದವರು ವಿರಳ. ಕಾಗದದಲ್ಲಿ ಒಡೆದುಹೋದ ಮನೆ ನೆಲದಲ್ಲಿ ಒಂದಾಗಿಯೇ ಉಳಿಯಿತು. ಭೂತಸ್ಥಾನದ ಕೋಲ, ತಂಬಿಲಗಳೂ ನಡೆದವು. ಹಿರಿಯರು ತೀರಿಕೊಂಡಂತೆ ಅವರ ಪಾಲು ಹೆಂಡಿರ ಮನೆಗೆ, ಮಕ್ಕಳಿಗೆ, ಮುಂಬಯಿ, ದುಬಾಯಿಗಳಲ್ಲಿರುವ ಮೊಮ್ಮಕ್ಕಳಿಗೆ ಚದುರಿತು. ಈಗ ಒಂದೆಕರೆ ತೋಟ ಮಾರಬೇಕಾದರೆ ಹತ್ತಾರು ಸಹಿಗಳು ಬೇಕು.

ನನ್ನ ಅಭಿಪ್ರಾಯದಲ್ಲಿ 1976ರ ಕಾಯಿದೆ ನ್ಯಾಯವಾದುದೇ. ಆದರೆ ಅದು ಯೋಜನೆಯ ಹೊಣೆಯನ್ನು ಕುಟುಂಬದಿಂದ ಬಿಡಿಸಿ ಒಬ್ಬೊಬ್ಬರ ತಲೆಯ ಮೇಲೆ ಇಟ್ಟಿತು. ನಮ್ಮವರಲ್ಲಿ ಬಹುಮಂದಿ ಇನ್ನೂ ಕುಟುಂಬ ನೋಡಿಕೊಳ್ಳುತ್ತದೆಂಬ ನಂಬಿಕೆಯಲ್ಲಿಯೇ ಕಣ್ಣು ಮುಚ್ಚುತ್ತಿದ್ದಾರೆ. ವೀಲುನಾಮೆ ಕನ್ನಡದಲ್ಲಿಯೇ ಇರಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ.

ಹಳೆಯ ಪಾಲುಪಟ್ಟಿ, ದಾನಪತ್ರ, ಗೇಣಿಚೀಟುಗಳು ಇರುವುದು ಕನ್ನಡದಲ್ಲಿ, ಮೋಡಿ ಹಿಡಿದ ಕೈಬರಹದಲ್ಲಿ. ಮಲಯಾಳದಲ್ಲಿ ಓದಿದ ಮೊಮ್ಮಗನಿಗೆ ತನ್ನ ಮನೆಯ ಹಕ್ಕುಪತ್ರವೇ ಅನ್ಯಭಾಷೆ. ಪಾಲಿನ ವಿಷಯ ವಕೀಲರಲ್ಲಿಗೆ ಹೋದಾಗ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು, 1976ರ ಆ ದಿನ ಮನೆಯಲ್ಲಿ ಯಾರು ಯಾರು ಇದ್ದರೆಂಬುದು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಇದಕ್ಕಾಗಿಯೇ ಜನ್ಮದಿನಾಂಕ ಹುಡುಕಿಕೊಂಡು ಬಂದವರಿದ್ದರು. ಕನ್ನಡದಲ್ಲಿ ಬರೆದ ಪ್ರವೇಶ ಪುಸ್ತಕವನ್ನು ತೆರೆದರೆ, ಪೋಷಕರ ಹೆಸರಿನ ಜಾಗದಲ್ಲಿ ಹಲವೆಡೆ ತಂದೆಯ ಬದಲಿಗೆ ಸೋದರಮಾವನ ಹೆಸರಿರುತ್ತಿತ್ತು. ಆ ಹೆಸರು ಹಿಡಿದು ಯಾವ ಕವರೆಂದು ಗುರುತಿಸುತ್ತಿದ್ದೆವು.